ಅಬಿಸ್ಕೋದಲ್ಲಿ ಮೂರು ರಾತ್ರಿ

ಸಂಡೂರಲ್ಲಿ ನಾನು ಏಳನೇ ಕ್ಲಾಸ್ ಓದೋವಾಗ ಸ್ಕೂಲ್ ಲೈಬ್ರರಿಲಿ ರಟ್ಟು ಕಿತ್ತೋಗಿದ್ದ ಒಂದು ವಿಜ್ಞಾನದ ಪುಸ್ತಕ ಇತ್ತು, ಅದರಲ್ಲಿ ಅರ್ಧ ಪೇಜಿನಷ್ಟು ಧ್ರುವಪ್ರಭೆ ಫೋಟೋ, ಧ್ರುವದ ಹತ್ರದ ಊರುಗಳಲ್ಲಿ ರಾತ್ರಿ ಆಕಾಶದಲ್ಲಿ ಕಾಣೋ ಬೆಳಕು ಅದು. ಕಪ್ಪು ಬಿಳುಪು. ಕಪ್ಪು ಆಕಾಶದಲ್ಲಿ ಯಾರೋ ವಿಭೂತಿ ಎಳೆದ ಹಾಗೆ ಒಂದು ಪಟ್ಟೆ, ಕೆಳಗೆ ಮರದ ತುದಿಗಳು, ಅಷ್ಟೇ. ನಮ್ಮ ಮೇಷ್ಟ್ರು ಹೇಳಿದ್ರು, ಇದು ನಿಜವಾಗ್ಲೂ ಹಸಿರು ಇರತ್ತೆ ಕಣ್ರೋ, ಭತ್ತದ ಸಸಿಮಡಿ ಥರ ಹಸಿರು, ಅಚ್ಚು ಹಾಕೋರ ಹತ್ರ ಬಣ್ಣ ಇರಲಿಲ್ಲ, ನೀವೇ ಮನಸಲ್ಲಿ ಬಳ್ಕೊಳ್ಳಿ ಅಂತ. ಅವತ್ತಿಂದ ಇಪ್ಪತ್ತೆಂಟು ವರ್ಷ ನಾನು ಅದನ್ನ ಬಳ್ಕೊಳ್ತಾನೇ ಇದ್ದೆ.

ಆಸೆ ಇತ್ತೇ ಹೊರತು ಹೋಗೇ ಹೋಗ್ತೀನಿ ಅನ್ನೋ ಧೈರ್ಯ ಇರಲಿಲ್ಲ. ಆಮೇಲೆ 2024ರ ಮೇ 10-11ರ ರಾತ್ರಿ ಸೂರ್ಯನಿಂದ ಆ ದೊಡ್ಡ ಬಿರುಗಾಳಿ ಬಂತಲ್ಲ, ಇಪ್ಪತ್ತು ವರ್ಷದಲ್ಲೇ ಅಷ್ಟು ಜೋರಾದದ್ದು ಬಂದಿರಲಿಲ್ಲ, ಆಗ ನಮ್ಮ ಲಡಾಖಿನ ಹಾನ್ಲೆಯಲ್ಲೂ ಧ್ರುವಪ್ರಭೆಗೆ ಆಕಾಶ ಕೆಂಪಾಯ್ತು, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ಇರೋದು ಅಲ್ಲೇ, ಅವರ ಕ್ಯಾಮೆರಾಗಳಲ್ಲಿ ಅದು ಸಿಕ್ತು. ಆ ಫೋಟೋ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸೂರ್ಯನ ಚಟುವಟಿಕೆ ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಏರಿ ಇಳಿಯತ್ತೆ, ಈ ಸುತ್ತಿನ ಗರಿಷ್ಠ ಹಂತಕ್ಕೆ ಸೂರ್ಯ ಬಂದಿದಾನೆ ಅಂತ ಅದೇ ವರ್ಷ ಅಕ್ಟೋಬರಲ್ಲಿ ನಾಸಾದವರು ಹೇಳಿದ್ರು. ಇದು ತಪ್ಪಿದ್ರೆ ಮುಂದಿನದಕ್ಕೆ ನನಗೆ ಐವತ್ತು ದಾಟಿರತ್ತೆ. ಹೆಂಡತಿಗೆ ಹೇಳಿದೆ, ಅವಳು ಕ್ಯಾಲೆಂಡರ್ ತೆಗೆದು ಯಾವಾಗ ಅಂದ್ಲು.

ಯಾವಾಗ ಅನ್ನೋದಕ್ಕೆ ಉತ್ತರ ಮನೆ ಗೋಡೆ ಮೇಲಿನ ಪಂಚಾಂಗದಲ್ಲೇ ಇತ್ತು. ಬೆಳದಿಂಗಳಿದ್ರೆ ಮಂದ ಪ್ರಭೆ ಕಾಣಲ್ಲ, ಕತ್ತಲು ಬೇಕು. ಶಿವರಾತ್ರಿ ಅಂದ್ರೆ ಚತುರ್ದಶಿ, ಮಾರನೇ ದಿನ ಅಮಾವಾಸ್ಯೆ. ಜೊತೆಗೆ ಫೆಬ್ರವರಿ ಕೊನೆ, ಮಾರ್ಚ್ ಅಂದ್ರೆ ಹಗಲು ರಾತ್ರಿ ಸಮ ಆಗೋ ಕಾಲಕ್ಕೆ ಹತ್ರ, ಆ ಸಮಯದಲ್ಲಿ ಭೂಮಿಯ ಕಾಂತಕ್ಷೇತ್ರ ಸೌರಮಾರುತದ, ಅಂದ್ರೆ ಸೂರ್ಯನಿಂದ ಹರಿದು ಬರೋ ಕಣಗಳ ಜೊತೆ ಚೆನ್ನಾಗಿ ಕೊಂಡಿ ಹಾಕ್ಕೊಳ್ಳತ್ತೆ, ಪ್ರಭೆ ಕಾಣೋ ಅವಕಾಶ ಜಾಸ್ತಿ. ಸರಿ, 2025ರ ಶಿವರಾತ್ರಿ ಮುಗಿಸ್ಕೊಂಡು ಹೊರಡೋದು ಅಂತ ಆಯ್ತು.

ಎಲ್ಲಿಗೆ ಅನ್ನೋದಕ್ಕೆ ಸ್ವಲ್ಪ ಟೈಮ್ ತಗೊಂಡ್ವಿ. ನಾರ್ವೆಯ ಟ್ರೊಮ್ಸೋಗೆ ಎಲ್ಲರೂ ಹೋಗ್ತಾರೆ, ಚೆಂದದ ಊರು, ಆದ್ರೆ ಸಮುದ್ರದ ದಂಡೆ, ಮೋಡ ಜಾಸ್ತಿ. ಸ್ವೀಡನ್ನಿನ ಅಬಿಸ್ಕೋ ಬಗ್ಗೆ ಓದ್ತಾ ಓದ್ತಾ ಒಂದು ಕಡೆ ನಿಂತ್ಬಿಟ್ಟೆ. ಅದು ಬೆಟ್ಟಸಾಲಿನ ಪೂರ್ವಕ್ಕಿರೋ ಮಳೆ ನೆರಳಿನ ಜಾಗ. ಸಮುದ್ರದಿಂದ ಬರೋ ಮೋಡ ಎಲ್ಲಾ ನಾರ್ವೆ ಕಡೆ ಬೆಟ್ಟದಲ್ಲೇ ಸುರಿದು ಹೋಗತ್ತೆ, ಇವರಿಗೆ ವರ್ಷಕ್ಕೆ ಬರೋದು ಸುಮಾರು 300 ಮಿಲಿಮೀಟರ್, ನಮ್ಮ ಬಳ್ಳಾರಿಗಿಂತ ಕಮ್ಮಿ. ಪಶ್ಚಿಮ ಘಟ್ಟದ ಆಚೆ ಸುರಿಯೋ ಮಳೆ ನಮ್ಮ ಕಡೆ ಬರಲ್ಲ ಅಂತ ನಮ್ಮಪ್ಪ ಜೀವನಪೂರ್ತಿ ಆಕಾಶ ನೋಡಿ ನಿಟ್ಟುಸಿರು ಬಿಟ್ಟವರು. ಅದೇ ಕಾರಣಕ್ಕೆ ಒಂದು ಊರಿನ ಆಕಾಶ ತಿಳಿಯಾಗಿರತ್ತೆ, ಅದನ್ನ ನೋಡೋಕೆ ಪ್ರಪಂಚದ ಜನ ಬರ್ತಾರೆ ಅಂದ್ರೆ ಆ ಊರು ನಮ್ಮದೇ ಅನಿಸ್ಬಿಡ್ತು.

ಮೊದಲನೇ ದಿನ

ಶಿವರಾತ್ರಿ ಉಪವಾಸ, ಜಾಗರಣೆ, ದೇವಸ್ಥಾನದಿಂದ ಬಂದು ಸೀದಾ ರಾತ್ರಿ ಒಂದೂವರೆಗೆ ಏರ್‌ಪೋರ್ಟ್ ಕ್ಯಾಬ್. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗತ್ತೆ ಅಂತಾರೆ, ಬೆಂಗಳೂರಿಂದ ಹೋಗಿತ್ತು, ನಾವು ಅದು ಹೋದ ಕಡೆಗೇ ಹೊರಟಿದ್ವಿ. ಗಲ್ಫಲ್ಲಿ ಒಂದು ಫ್ಲೈಟ್ ಬದಲಾಯಿಸಿ ಸಾಯಂಕಾಲ ಸ್ಟಾಕ್‌ಹೋಮ್. ಎರಡು ಬ್ಯಾಗಲ್ಲಿ ಒಂದು ಬರಲಿಲ್ಲ, ಬರದೇ ಇದ್ದದ್ದರಲ್ಲೇ ದಪ್ಪ ಜಾಕೆಟ್ ಇದ್ದದ್ದು. ಕೌಂಟರಲ್ಲಿ ಒಂದು ಫಾರ್ಮ್ ಬರೆದು ಕೊಟ್ಟು, ಸ್ವೆಟರ್ ಮೇಲೆ ಸ್ವೆಟರ್ ಹಾಕ್ಕೊಂಡು ರೂಮಿಗೆ ಹೋಗಿ ಮಲಗಿದ್ವಿ. ಆ ರಾತ್ರಿ ಬಗ್ಗೆ ಹೇಳೋಕೆ ಬೇರೇನೂ ಇಲ್ಲ.

ಎರಡನೇ ದಿನ

ಬ್ಯಾಗ್ ಮಧ್ಯಾಹ್ನ ಎರಡು ಗಂಟೆಗೆ ಬಂತು, ಸಾಯಂಕಾಲ ಟ್ರೈನ್. ಅಷ್ಟೊತ್ತೂ ಹೆಂಡತಿ ಒಂದು ಮಾತೂ ಆಡಿರಲಿಲ್ಲ, ಬ್ಯಾಗ್ ಜಿಪ್ ತೆಗೆದು ರೊಟ್ಟಿ ಮುರಿದಿದ್ಯಾ ಅಂತ ನೋಡಿದ್ಳು, ಎರಡೇ ಮುರಿದಿದ್ವು.

ಸ್ಟಾಕ್‌ಹೋಮಿಂದ ಅಬಿಸ್ಕೋಗೆ ರಾತ್ರಿ ಟ್ರೈನಿದೆ, ಹದಿನೇಳು ಹದಿನೆಂಟು ಗಂಟೆ ದಾರಿ. ಹೋಗೋರಿದ್ರೆ ಅಲ್ಲಿಗೆ ಹತ್ರದ ಕಿರುನಾ ಊರಿಗೆ ಫ್ಲೈಟ್ ಹಿಡಿಬೇಡಿ, ಈ ಟ್ರೈನಲ್ಲೇ ಹೋಗಿ ಅಂತೀನಿ. ಒಂದು ದೇಶದ ಉದ್ದ ಎಷ್ಟು ಅನ್ನೋದು ಬರ್ತಲ್ಲಿ ಮಲಗಿ ಹೋದ್ರೇನೇ ಮೈಗೆ ಗೊತ್ತಾಗೋದು, ನಾವು ಹೊಸಪೇಟೆಯಿಂದ ಬೆಂಗಳೂರಿಗೆ ಹಂಪಿ ಎಕ್ಸ್‌ಪ್ರೆಸ್ಸಲ್ಲಿ ಬಂದು ಬೆಳೆದವರು, ಆ ತೂಗಾಟಕ್ಕೆ ನಿದ್ದೆ ತಾನಾಗೇ ಬರತ್ತೆ.

ಮೂರನೇ ದಿನ

ಬೆಳಗ್ಗೆ ಎದ್ದು ಕಿಟಕಿ ಪರದೆ ಸರಿಸಿದ್ರೆ ಬರೀ ಬಿಳಿ. ಮರಗಳು ನೋಡ್ತಾ ನೋಡ್ತಾ ಕುಳ್ಳಗಾಗ್ತಾ ಹೋದ್ವು, ಉತ್ತರಕ್ಕೆ ಹೋದ ಹಾಗೆ ಮರಕ್ಕೆ ಬೆಳೆಯೋ ದಿನಗಳೇ ಕಮ್ಮಿ ಅಲ್ವಾ. ಆರ್ಕ್ಟಿಕ್ ವೃತ್ತ ದಾಟಿದ್ದು ಮೊಬೈಲ್ ಮ್ಯಾಪಲ್ಲಿ ನೋಡಿ ಗೊತ್ತಾಯ್ತು, ಹೆಂಡತಿ ಕೈ ಹಿಡ್ಕೊಂಡೆ.

ಕಿರುನಾದಲ್ಲಿ ನಾನು ಕಿಟಕಿಗೆ ಅಂಟ್ಕೊಂಡ್ಬಿಟ್ಟೆ. ಅದಿರು ರೈಲು! ಸಂಡೂರು, ತೋರಣಗಲ್ಲು ಕಡೆ ಹುಟ್ಟಿದವರಿಗೆ ಅದಿರಿನ ವ್ಯಾಗನ್ ಕಂಡ್ರೆ ಎಲ್ಲಿದ್ರೂ ಗೊತ್ತಾಗತ್ತೆ. ಪ್ರಪಂಚದ ಅತಿ ದೊಡ್ಡ ನೆಲದಡಿ ಕಬ್ಬಿಣದ ಗಣಿ ಇಲ್ಲೇ ಇರೋದು, ಒಂದೊಂದು ರೈಲಿಗೆ 68 ವ್ಯಾಗನ್, ಇಲ್ಲಿಂದ ನಾರ್ವೆಯ ನಾರ್ವಿಕ್ ಬಂದರಿಗೆ ಹೋಗತ್ತೆ, ಅಷ್ಟು ಉತ್ತರದಲ್ಲಿದ್ರೂ ಅಟ್ಲಾಂಟಿಕ್ಕಿನ ಬಿಸಿ ಪ್ರವಾಹದಿಂದ ಆ ಬಂದರು ಚಳಿಗಾಲದಲ್ಲೂ ಹೆಪ್ಪುಗಟ್ಟಲ್ಲ. ನಾವು ಹೋಗ್ತಿದ್ದ ಹಳಿಯೂ ಅದಿರು ಸಾಗಿಸೋಕೆ ಅಂತಲೇ ನೂರಿಪ್ಪತ್ತು ವರ್ಷದ ಹಿಂದೆ ಹಾಕಿದ್ದು. ಕೆಳಗೆ ಅಗೆದೂ ಅಗೆದೂ ನೆಲ ಕುಸಿತಾ ಇರೋದ್ರಿಂದ ಊರಿನ ದೊಡ್ಡ ಭಾಗವನ್ನೇ ಪೂರ್ವಕ್ಕೆ ಸರಿಸ್ತಾ ಇದಾರೆ, ನಾವು ಬಂದ ಮೇಲೆ ಅದೇ ವರ್ಷ ಆಗಸ್ಟಲ್ಲಿ 1912ರ ಮರದ ಚರ್ಚನ್ನ ಇಡಿಯಾಗಿ ಎತ್ತಿ ಐದು ಕಿಲೋಮೀಟರ್ ದೂರ ಸಾಗಿಸಿದ್ರು. ನಮ್ಮ ಕಡೆ ಗಣಿ ಬಂದು ಹೋದ ಊರುಗಳನ್ನ ನೆನೆಸ್ಕೊಂಡೆ, ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಯ್ತು.

ಮಧ್ಯಾಹ್ನ ಅಬಿಸ್ಕೋ. ಸ್ಟೇಷನ್ ಅಂದ್ರೆ ಒಂದು ಮರದ ಕಟ್ಟಡ, ಎದುರಿಗೆ ಟೊರ್ನೆಟ್ರೆಸ್ಕ್ ಕೆರೆ, ಕೆರೆ ಅಂತೀನಿ ಆದ್ರೆ 70 ಕಿಲೋಮೀಟರ್ ಉದ್ದ, ಪೂರ್ತಿ ಗಡ್ಡೆಕಟ್ಟಿ ಮೇಲೆ ಹಿಮ ಬಿದ್ದು ಬಯಲಾಗಿತ್ತು. ಆಗ್ನೇಯಕ್ಕೆ ಲ್ಯಾಪ್‌ಪೋರ್ಟೆನ್ ಅಂತ ಎರಡು ಬೆಟ್ಟದ ಮಧ್ಯೆ ಬಾಣಲಿ ಇಟ್ಟ ಹಾಗೆ ಒಂದು ಕಣಿವೆ, ಹಿಮನದಿ ಕೊರೆದದ್ದು. ಟೆಂಪರೇಚರ್ ಮೈನಸ್ 17.

ಐದು ಗಂಟೆಗೆ ಸೂರ್ಯ ಮುಳುಗಿದ, ಪಶ್ಚಿಮದಲ್ಲಿ ಬಿದಿಗೆ ಚಂದ್ರ, ಪಕ್ಕದಲ್ಲೇ ಶುಕ್ರ ಪಳಪಳ ಅಂತಿತ್ತು. ಎಂಟು ಗಂಟೆಗೆ ಎಲ್ಲಾ ಹಾಕ್ಕೊಂಡು ಹೊರಗೆ ಬಂದ್ವಿ. ಮೊದಲ ಉಸಿರಿಗೇ ಮೂಗಿನೊಳಗೆ ಚುಚ್ಚಿದ ಹಾಗೆ, ಕೂದಲೆಲ್ಲಾ ಗಟ್ಟಿಯಾಗಿ ಬಿಟ್ಟಿತ್ತು, ಹತ್ತು ನಿಮಿಷಕ್ಕೆ ಹೆಂಡತಿಯ ರೆಪ್ಪೆ ಮೇಲೆ ಬಿಳಿ ಹಿಮ ಕೂತು ಟಾರ್ಚಲ್ಲಿ ಮಿನುಗ್ತಿತ್ತು.

ಒಂಬತ್ತೂವರೆ ಹೊತ್ತಿಗೆ ಉತ್ತರದ ಕಡೆ ಕೆರೆ ಆಚೆ ದಂಡೆ ಮೇಲೆ ಒಂದು ಬೂದು ಪಟ್ಟೆ ಎದ್ದಿತು. ಮೋಡ ಕಣ್ರೀ ಅಂದ್ಲು ಹೆಂಡತಿ. ನನಗೂ ಮೋಡ ಅಂತಲೇ ಅನಿಸಿದ್ದು. ಆದ್ರೆ ಮೋಡ ಆದ್ರೆ ಹಿಂದಿನ ನಕ್ಷತ್ರ ಮುಚ್ಚಬೇಕಲ್ಲ, ಇದರೊಳಗಿಂದ ನಕ್ಷತ್ರ ಕಾಣ್ತಿದ್ವು. ಗ್ಲೌಸ್ ತೆಗೆದು ಮೊಬೈಲ್ ಎತ್ತಿ ಮೂರು ಸೆಕೆಂಡ್ ಹಿಡಿದೆ. ಸ್ಕ್ರೀನ್ ಮೇಲೆ ಹಸಿರು. ಕಣ್ಣಿಗೆ ಬೂದು, ಸ್ಕ್ರೀನಲ್ಲಿ ಹಸಿರು, ಮತ್ತೆ ತಲೆ ಎತ್ತಿದ್ರೆ ಬೂದು. ಪಕ್ಕದಲ್ಲಿ ನಿಂತಿದ್ದ ಯಾವುದೋ ದೇಶದ ಹುಡುಗರು ಇಷ್ಟೇನಾ ಅನ್ನೋ ಥರ ಮುಖ ಮಾಡಿ ಒಳಗೆ ಹೋದ್ರು. ನನಗೂ ಒಂದು ಕ್ಷಣ ಕಾಲ ಕೆಳಗಿನ ಹಿಮ ಕುಸಿದ ಹಾಗೆ ಆಯ್ತು, ಇಷ್ಟು ವರ್ಷ, ಇಷ್ಟು ದುಡ್ಡು, ಇದಕ್ಕಾ ಅಂತ.

ಆಮೇಲೆ ಮೊಬೈಲ್ ಜೇಬಿಗಿಟ್ಟು ಸುಮ್ನೆ ನೋಡಿದೆ. ಕಪ್ಪು ಆಕಾಶ, ವಿಭೂತಿ ಎಳೆದ ಹಾಗೆ ಒಂದು ಪಟ್ಟೆ, ಕೆಳಗೆ ಬರ್ಚ್ ಮರದ ತುದಿಗಳು.

ಅದೇ ಫೋಟೋ! ಸಂಡೂರಿನ ಲೈಬ್ರರಿಯ ಅದೇ ಅರ್ಧ ಪೇಜು, ಹಾಗೆ ಹಾಗೇ. ಅಚ್ಚು ಹಾಕಿದವರು ಏನೂ ತಪ್ಪು ಮಾಡಿರಲಿಲ್ಲ, ಮಂದ ಇರೋವಾಗ ಅದು ಮನುಷ್ಯನ ಕಣ್ಣಿಗೆ ಕಾಣೋದೇ ಹೀಗೆ. ಬಣ್ಣ ಗುರುತಿಸೋ ಜೀವಕೋಶಗಳಿಗೆ ಬೆಳಕು ಜಾಸ್ತಿ ಬೇಕು, ಕತ್ತಲಲ್ಲಿ ಕೆಲಸ ಮಾಡೋ ಕೋಶಗಳಿಗೆ ಬಣ್ಣ ಗೊತ್ತಾಗಲ್ಲ, ರಾತ್ರಿ ಕೊಟ್ಟಿಗೆಯಲ್ಲಿ ಹಸು ಕೆಂದೋ ಕಪ್ಪೋ ತಿಳಿಯಲ್ವಲ್ಲ ಹಾಗೆ. ನಾನು ಅಲ್ಲೇ ಹಿಮದ ಮೇಲೆ ಕೂತ್ಬಿಟ್ಟೆ. ಕಣ್ಣಲ್ಲಿ ನೀರು ಬಂದಿತ್ತು, ಒರೆಸ್ಕೊಳ್ಳೋ ಅಷ್ಟರಲ್ಲಿ ರೆಪ್ಪೆ ಅಂಟ್ಕೊಳ್ತು.

ಹನ್ನೊಂದು ಗಂಟೆವರೆಗೂ ಅದು ಅಲ್ಲೇ ಇತ್ತು, ಅಲ್ಲಾಡಲಿಲ್ಲ, ನಿಧಾನ ಆರಿಹೋಯ್ತು.

ನಾಲ್ಕನೇ ದಿನ

ಮಳೆ ನೆರಳು ಅಂದ್ರೆ ಮೋಡವೇ ಬರಲ್ಲ ಅಂತಲ್ಲ. ಬೆಳಗಿಂದ್ಲೇ ಹಿಮ ಬೀಳೋಕೆ ಶುರು. ಹಾಸ್ಟೆಲ್ಲಿನ ಅಡುಗೆಮನೆ ಎಲ್ಲರಿಗೂ ಸೇರಿ ಒಂದೇ, ನಾವು ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿಪುಡಿ, ಮೊಸರು ಇಟ್ಕೊಂಡು ಕೂತಿದ್ವಿ. ಪಕ್ಕದ ಟೇಬಲ್ಲಿನ ಸ್ವೀಡಿಷ್ ಅಜ್ಜಿ ನಮ್ಮ ರೊಟ್ಟಿ ನೋಡಿ ಎದ್ದು ಬಂದು ತನ್ನ ರೊಟ್ಟಿ ತೋರಿಸಿದ್ರು, ದುಂಡಗೆ, ಕಂದು ಬಣ್ಣ, ಮುರಿದ್ರೆ ಪಟ್ ಅನ್ನತ್ತೆ, ರೈ ಹಿಟ್ಟಿಂದ ಮಾಡಿ ಒಣಗಿಸಿ ತಿಂಗಳುಗಟ್ಟಲೆ ಇಟ್ಕೊಳ್ಳೋದು. ನಾವು ಅರ್ಧ ಅವರಿಗೆ, ಅವರು ಅರ್ಧ ನಮಗೆ. ಹಿಂಡಿ ಖಾರಕ್ಕೆ ಅವರ ಕಣ್ಣು ಕೆಂಪಾಯ್ತು, ಆದ್ರೂ ಇನ್ನೊಂದು ಸಲ ಹಾಕಿಸ್ಕೊಂಡ್ರು.

ಆ ಅಜ್ಜಿ ಹತ್ರ ತುಂಬಾ ಹೊತ್ತು ಮಾತಾಡಿದ್ವಿ. ಇದು ಸಾಮಿ ಜನರ ನೆಲ, ಹಿಮಸಾರಂಗ ಸಾಕಿಕೊಂಡು ಬಂದವರು. ಅವರ ಭಾಷೆಯಲ್ಲಿ ಈ ಬೆಳಕಿಗೆ ಗುವೊಸ್ಸಹಸ್ ಅಂತಾರೆ, ಕಿವಿಗೆ ಕೇಳಿಸೋ ಬೆಳಕು ಅಂತ ಅದರ ಅರ್ಥ ಹೇಳ್ತಾರೆ. ಅದು ಮೇಲಿರೋವಾಗ ಮಕ್ಕಳು ಸಿಳ್ಳೆ ಹಾಕಬಾರ್ದು, ಗಲಾಟೆ ಮಾಡಬಾರ್ದು, ಕೆಳಗಿಳಿದು ಹೊತ್ಕೊಂಡು ಹೋಗತ್ತೆ ಅಂತ ಹಿರಿಯರು ಹೇಳೋರಂತೆ. ಫಿನ್ನಿಷ್ ಭಾಷೆಯಲ್ಲಿ ನರಿಬೆಂಕಿ, ನರಿ ಬಾಲದಿಂದ ಹಿಮ ಹಾರಿಸಿದ್ರೆ ಕಿಡಿ ಏಳತ್ತೆ ಅಂತ ಕಥೆ. ನಮ್ಮಲ್ಲೂ ರಾತ್ರಿ ಸಿಳ್ಳೆ ಹಾಕಿದ್ರೆ ಹಾವು ಬರತ್ತೆ ಅಂತ ಅಜ್ಜಿ ಬೈತಿದ್ಲು. ಕತ್ತಲಲ್ಲಿ ಮಕ್ಕಳು ಸುಮ್ನಿರಬೇಕು ಅನ್ನೋದು ಎಲ್ಲಾ ಕಡೆ ಒಂದೇ ಅನಿಸತ್ತೆ.

ಮಧ್ಯಾಹ್ನ ಎಲ್ಲಾ ಪ್ರಭೆ ಮುನ್ಸೂಚನೆ ಕೊಡೋ ಆ್ಯಪ್ ನೋಡೋದೇ ಕೆಲಸ. ಹೋಗೋರಿಗೆ ಒಂದು ಮಾತು ಹೇಳ್ತೀನಿ, ಆ್ಯಪಲ್ಲಿ ಭೂಮಿಯ ಕಾಂತಕ್ಷೇತ್ರ ಎಷ್ಟು ಕದಡಿದೆ ಅಂತ ಹೇಳೋ ಕೆಪಿ ಅನ್ನೋ ನಂಬರ್ ಸೊನ್ನೆಯಿಂದ ಒಂಬತ್ತರವರೆಗೆ ಬರತ್ತೆ, ಅದು ಕಮ್ಮಿ ಇದೆ ಅಂತ ರೂಮಲ್ಲಿ ಮಲಗಬೇಡಿ. ಧ್ರುವದ ಸುತ್ತ ಪ್ರಭೆ ಒಂದು ಬಳೆ ಥರ ಇರತ್ತೆ, ಅಬಿಸ್ಕೋ ಆ ಬಳೆ ಕೆಳಗೇ ಬರೋದ್ರಿಂದ ಎರಡಿದ್ರೂ ಸಾಕು. ಆ ನಂಬರಿಗಿಂತ ಸೌರಮಾರುತದ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದ್ಯಾ ಅಂತ ನೋಡಿ, ಹಾಗಿದ್ರೆ ಭೂಮಿಯ ಬಾಗಿಲು ತೆರೆದ ಹಾಗೆ. ಆ ಲೆಕ್ಕ ಬರೋದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ, ಸೂರ್ಯನ ಕಡೆಗಿರೋ ಎಲ್1 ಅನ್ನೋ ಜಾಗದಲ್ಲಿ ನಿಂತ ನೌಕೆಗಳಿಂದ, ಅಲ್ಲಿ ದಾಟಿದ ಮಾರುತ ನಮಗೆ ಮುಟ್ಟೋಕೆ ಅರ್ಧ ಗಂಟೆಯಿಂದ ಒಂದು ಗಂಟೆ. ನಮ್ಮ ಆದಿತ್ಯ ಎಲ್1 ಕೂಡ 2024ರ ಜನವರಿ 6ರಿಂದ ಅಲ್ಲೇ ಇದೆ, ಅದರೊಳಗಿನ ಸೂರ್ಯನ ಕರೋನಾ, ಅಂದ್ರೆ ಹೊರ ವಾತಾವರಣ ನೋಡೋ ಮುಖ್ಯ ಉಪಕರಣ ತಯಾರಾಗಿದ್ದು ನಮ್ಮ ಹೊಸಕೋಟೆಯಲ್ಲಿ. ಹೆಂಡತಿ ತವರು ಆ ಕಡೆಯೇ, ಆ ಮಾತು ಹೇಳಿದ ಮೇಲೆ ಅವಳು ಆ್ಯಪ್‌ನ ನನಗಿಂತ ಜಾಸ್ತಿ ನೋಡೋಕೆ ಶುರು ಮಾಡಿದ್ಲು.

ರಾತ್ರಿ ಎಂಟರಿಂದ ಎರಡರವರೆಗೂ ಕಿಟಕಿ ಪಕ್ಕ ಕೂತ್ವಿ. ಹಿಮ ಬೀಳ್ತಾನೇ ಇತ್ತು. ಮೋಡದ ಮೇಲೆ ಏನು ನಡೀತಿತ್ತೋ. ಶಿವರಾತ್ರಿ ಆಗಿ ನಾಲ್ಕು ದಿನಕ್ಕೆ ಎರಡನೇ ಜಾಗರಣೆ, ಶಿವ ಕಾಣಲಿಲ್ಲ.

ಐದನೇ ದಿನ

ಹತ್ತು ಗಂಟೆಗೆ ಹಿಮ ನಿಂತು ಮಧ್ಯಾಹ್ನಕ್ಕೆ ಪಶ್ಚಿಮದಿಂದ ನೀಲಿ ಬಿಟ್ಕೊಳ್ತಾ ಬಂತು. ಹಗಲೆಲ್ಲಾ ಮಲಗಿ ಎದ್ವಿ. ಬೆಟ್ಟದ ಮೇಲೆ 900 ಮೀಟರ್ ಎತ್ತರದಲ್ಲಿ ಒಂದು ವೀಕ್ಷಣೆ ಜಾಗ ಇದೆ, ಚೇರ್‌ಲಿಫ್ಟಲ್ಲಿ ಹೋಗಬಹುದು, ನಮಗೆ ಕೆರೆ ಮೇಲೇ ನಿಲ್ಲಬೇಕು ಅಂತಿತ್ತು. ಏಳೂವರೆಗೆ ಫ್ಲಾಸ್ಕಲ್ಲಿ ಶುಂಠಿ ಟೀ ತಗೊಂಡು ಇಳಿದ್ವಿ. ಮೈನಸ್ 22. ದಂಡೆಯಿಂದ ಇನ್ನೂರು ಹೆಜ್ಜೆ ಒಳಗೆ. ಕಾಲ ಕೆಳಗಿನ ಗಡ್ಡೆ ಆಗಾಗ ಗುಂಯ್ಯ್ ಅಂತ ಉದ್ದಕ್ಕೆ ಶಬ್ದ ಮಾಡೋದು, ದೂರದಲ್ಲಿ ಹುಟ್ಟಿ ನಮ್ಮ ಕೆಳಗೆ ಹಾದು ಇನ್ನೊಂದು ಕಡೆ ಹೋಗಿ ಮುಗಿಯೋದು. ಚಳಿಗೆ ಗಡ್ಡೆ ಕುಗ್ಗಿ ಬಿರುಕು ಬಿಡೋ ಸದ್ದು, ಹೆದರ್ಬೇಡಿ, ಗಡ್ಡೆ ದಪ್ಪ ಇದೆ ಅಂತ ಅಜ್ಜಿ ಮೊದಲೇ ಹೇಳಿದ್ರು.

ಒಂಬತ್ತಕ್ಕೆ ಮೊನ್ನೆ ಥರದ್ದೇ ಬೂದು ಕಮಾನು. ಒಂಬತ್ತೂ ಮುಕ್ಕಾಲಿಗೆ ಎರಡಾಯ್ತು. ಆಮೇಲೆ ಅದರ ಕೆಳ ಅಂಚು ಚೂಪಾಯ್ತು, ಯಾರೋ ಬತ್ತಿ ಮೇಲೆ ಮಾಡಿದ ಹಾಗೆ ಪ್ರಕಾಶ ಏರ್ತಾ ಹೋಯ್ತು, ಬೂದು ಹೋಗಿ ಬಿಳಿ, ಬಿಳಿಯೊಳಗೆ ಒಂದು ಅನುಮಾನದ ಹಸಿರು, ಮತ್ತೆ ಹೆಂಡತಿ ನನ್ನ ತೋಳು ಗಟ್ಟಿಯಾಗಿ ಹಿಡಿದು ರೀ ಹಸಿರು ರೀ ಹಸಿರು ಅಂತ ಕಿರುಚೋದಕ್ಕೂ ಇಡೀ ಪಟ್ಟೆ ಪೂರ್ವದಿಂದ ಪಶ್ಚಿಮಕ್ಕೆ ಮಡಿಕೆ ಮಡಿಕೆಯಾಗಿ ಓಡೋದಕ್ಕೂ ಸರಿ ಹೋಯ್ತು. ಬಯಲಾಟದ ಪರದೆ ಗಾಳಿಗೆ ಅಲ್ಲಾಡತ್ತಲ್ಲ, ಆ ಥರ ಅಲೆ, ಆದ್ರೆ ಪರದೆ ದಿಗಂತದಿಂದ ದಿಗಂತಕ್ಕೆ. ಕೆಳ ಅಂಚಲ್ಲಿ ಕನಕಾಂಬರಕ್ಕೂ ಗುಲಾಬಿಗೂ ನಡುವಿನ ಒಂದು ಬಣ್ಣ ಹರಿದು ಹೋಯ್ತು, ಬಂತು ಅನ್ನೋವಷ್ಟರಲ್ಲಿ ಹೋಯ್ತು, ಅದು ಸಾರಜನಕದ್ದು. ಹಸಿರು ಆಮ್ಲಜನಕದ್ದು, ನೂರರಿಂದ ನೂರೈವತ್ತು ಕಿಲೋಮೀಟರ್ ಎತ್ತರದಲ್ಲಿ ಎಲೆಕ್ಟ್ರಾನ್ ಬಂದು ಗುದ್ದಿದ ಆಮ್ಲಜನಕದ ಪರಮಾಣು ಮುಕ್ಕಾಲು ಸೆಕೆಂಡ್ ತಡೆದು ಬಿಟ್ಟುಕೊಡೋ ಬೆಳಕು. ಕೆಂಪು ಬೆಳಕು ಬಿಡೋಕೆ ಅದೇ ಪರಮಾಣುವಿಗೆ ಎರಡು ನಿಮಿಷದ ಹತ್ರ ಬೇಕು, ಅಷ್ಟೊತ್ತು ಯಾರೂ ಬಂದು ಡಿಕ್ಕಿ ಹೊಡೀಬಾರದು, ಅದಕ್ಕೇ ಕೆಂಪು ಇನ್ನೂರು ಕಿಲೋಮೀಟರ್ ಮೇಲೆ ಗಾಳಿ ತೀರಾ ತೆಳ್ಳಗಿರೋ ಕಡೆ ಮಾತ್ರ. ಹಾನ್ಲೆಗೆ ಕಂಡದ್ದು ಆ ಮೇಲಿನ ಕೆಂಪು ತಲೆ, ಭೂಮಿಯ ಬಾಗಿಗೆ ಕೆಳಗಿನ ಹಸಿರು ಮರೆಯಾಗಿತ್ತು. ಇದನ್ನೆಲ್ಲಾ ಎಷ್ಟೋ ವರ್ಷದಿಂದ ಓದಿದ್ದೆ, ಓದಿದ್ದೆಲ್ಲಾ ತಲೆ ಮೇಲೆ ಓಡ್ತಿತ್ತು.

ಹತ್ತೂಕಾಲಿಗೆ ಅದು ನೆತ್ತಿಗೆ ಬಂತು. ನೇರ ಕೆಳಗೆ ನಿಂತು ನೋಡಿದ್ರೆ ಪರದೆ ಪರದೆ ಥರ ಕಾಣಲ್ಲ, ಒಂದೇ ಬಿಂದುವಿನಿಂದ ಎಲ್ಲಾ ದಿಕ್ಕಿಗೂ ಕಿರಣಗಳು ಚೆಲ್ಲಿದ ಹಾಗೆ, ಬಿಚ್ಚಿದ ತಾವರೆ ಒಳಗೆ ಕೂತು ಮೇಲೆ ನೋಡಿದ ಹಾಗೆ. ಹಿಮ ಹಸಿರಾಯ್ತು. ಹೆಂಡತಿ ಮುಖ ಹಸಿರಾಯ್ತು, ಅವಳ ರೆಪ್ಪೆ ಮೇಲಿನ ಹಿಮದ ಹರಳು ಒಂದೊಂದೂ ಹಸಿರು. ನಮ್ಮಿಬ್ಬರ ನೆರಳು ಬಿದ್ದಿತ್ತು, ಅಂಚಿಲ್ಲದ ನೆರಳು, ಅದೂ ಅಲ್ಲಾಡ್ತಿತ್ತು. ಯಾವ ಸದ್ದೂ ಇಲ್ಲ. ಅಷ್ಟು ದೊಡ್ಡದು ಅಷ್ಟು ಜೋರಾಗಿ ಓಡ್ತಾ ಇದ್ರೆ ಕಿವಿ ತಾನಾಗೇ ಸದ್ದಿಗೆ ಕಾಯತ್ತೆ, ಬರೋದು ಕಾಲ ಕೆಳಗಿನ ಗುಂಯ್ ಒಂದೇ. ಭತ್ತದ ಸಸಿಮಡಿ ಅಂದಿದ್ರಲ್ಲ ಮೇಷ್ಟ್ರು, ಸರಿಯಾಗಿ ಅದೇ, ನಾಟಿಗೆ ನಾಲ್ಕು ದಿನ ಮುಂಚೆ ಬಿಸಿಲು ಹಿಂದಿಂದ ಬೀಳೋವಾಗಿನ ಹಸಿರು. ಅವರು ಅದನ್ನ ಯಾವತ್ತೂ ನೋಡಿದವರಲ್ಲ, ಎಲ್ಲಿ ಓದಿದ್ರೋ.

ಜೋರಾಗಿದ್ದದ್ದು ಹನ್ನೆರಡು ನಿಮಿಷ, ಹೆಂಡತಿ ಆಮೇಲೆ ಲೆಕ್ಕ ಹಾಕಿದ್ಲು. ಕ್ಯಾಮೆರಾ ಟ್ರೈಪಾಡ್ ಮೇಲೆ ಐದು ಸೆಕೆಂಡಿಗೊಂದು ಅಂತ ತಾನೇ ತೆಗೀತಿತ್ತು, ಬ್ಯಾಟರಿ ಚಳಿಗೆ ಮಧ್ಯದಲ್ಲೇ ಸತ್ತಿತ್ತು, ಒಳಜೇಬಲ್ಲಿ ಇನ್ನೊಂದು ಬೆಚ್ಚಗೆ ಇಟ್ಕೊಂಡಿದ್ದೆ, ಆ ಹೊತ್ತಲ್ಲಿ ತೆಗೆದು ಹಾಕೋಕೆ ಮನಸ್ಸಾಗಲಿಲ್ಲ. ನೀವು ಹೋದ್ರೆ ಬ್ಯಾಟರಿ ಮೈಗೆ ತಾಗಿಸಿಟ್ಕೊಳ್ಳಿ, ಒಳಗೆ ಬರೋ ಮುಂಚೆ ಕ್ಯಾಮೆರಾನ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ, ಇಲ್ಲಾಂದ್ರೆ ಲೆನ್ಸ್ ಒಳಗೆ ನೀರು ಕೂರತ್ತೆ.

ಆರನೇ ದಿನ

ಮಧ್ಯಾಹ್ನದ ಟ್ರೈನಿಗೆ ವಾಪಸ್ ಹೊರಡಬೇಕಿತ್ತು, ಪ್ಯಾಕಿಂಗ್ ಎಲ್ಲಾ ರಾತ್ರಿಯೇ ಆಗಿತ್ತು. ಹೆಂಡತಿ ಮಲಗಿದ್ಲು. ನನಗೆ ನಿದ್ದೆ ಬರಲಿಲ್ಲ, ಮೂರೂವರೆಗೆ ಎದ್ದು ಬಟ್ಟೆ ಮೇಲೆ ಬಟ್ಟೆ ಹಾಕ್ಕೊಂಡು ಒಬ್ಬನೇ ದಂಡೆಗೆ ಬಂದೆ. ಚಂದ್ರ ಮುಳುಗಿದ್ದ, ಯಾರೂ ಇರಲಿಲ್ಲ.

ಮಧ್ಯರಾತ್ರಿ ಕಳೆದ ಮೇಲೆ ಬರೋ ಪ್ರಭೆ ಬೇರೆ ಥರ. ಪಟ್ಟೆ ಇಲ್ಲ, ಓಟ ಇಲ್ಲ. ಆಕಾಶದ ತುಂಬಾ ಅಲ್ಲೊಂದು ಇಲ್ಲೊಂದು ತೇಪೆ, ಒಂದು ಹತ್ತು ಸೆಕೆಂಡ್ ಬೆಳಗತ್ತೆ, ಆರತ್ತೆ, ಅದೇ ಜಾಗದಲ್ಲಿ ಅದೇ ಆಕಾರದಲ್ಲಿ ಮತ್ತೆ ಬೆಳಗತ್ತೆ. ಒಂದೊಂದಕ್ಕೂ ಅದರದೇ ತಾಳ. ಬಣ್ಣ ಇಲ್ಲ, ಎಲ್ಲಾ ಬೂದು. ಮೊಬೈಲ್ ರೂಮಲ್ಲೇ ಬಿಟ್ಟು ಬಂದಿದ್ದೆ. ಮೇಷ್ಟ್ರು ಬಣ್ಣ ಬಳ್ಕೊಳ್ಳಿ ಅಂದಿದ್ರು, ನಾನು ಬಳಿಯಲಿಲ್ಲ, ಆ ಹಳೇ ಪೇಜು ಹೇಗಿತ್ತೋ ಹಾಗೇ ನೋಡ್ತಾ ನಿಂತೆ. ಐದೂಕಾಲಿಗೆ ಪೂರ್ವದಲ್ಲಿ ಬೆಳಕು ಬಿಟ್ಟಿತು, ಒಂದೊಂದೇ ತೇಪೆ ಕಾಣದ ಹಾಗಾಯ್ತು, ಕೊನೇದು ಲ್ಯಾಪ್‌ಪೋರ್ಟೆನ್ ಮೇಲಿತ್ತು, ಅದು ಇನ್ನೂ ಮಿಡೀತಿದ್ಯೋ ಇಲ್ವೋ ಅಂತ ಗೊತ್ತಾಗದಷ್ಟು ಬೆಳಗಾದ ಮೇಲೆ ಟೀ ಮಾಡೋಕೆ ಒಳಗೆ ಹೋದೆ.